ಎದುರಿಗೆ ಬರುವವರ ಕಣ್ಣು

ಶಹಾಪುರದ ಹಳೇ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಗಯಾಸನ ಸೈಕಲ್ ದುಕಾನು. ಲೈಟು ಕೊಳ್ಳಲು ಅಲ್ಲಿಗೆ ಬರುವ ಹಳ್ಳಿಯವರೆಲ್ಲ ಕೇಳುವುದು ಎರಡೇ ಮಾತು: ಎಷ್ಟು ದೂರ ಹೊಡೀತದ, ಎಷ್ಟಕ್ಕ ಕೊಡ್ತಿ. ಅವತ್ತು ಸಂಜೆ ನಾಲ್ಕರ ಸುಮಾರಿಗೆ ಬಂದ ಬಾಷುಮಿಯಾ ಆ ಎರಡನ್ನೂ ಕೇಳಲಿಲ್ಲ. ಗಯಾಸ ಮುಂದಿಟ್ಟ ಲೈಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ಎದುರಿಗೆ ಬರೋರ ಕಣ್ಣಿಗೆ ಹೆಂಗ ಬಡೀತದ?" ಅಂದ.

ಪಂಕ್ಚರ್ ನೋಡಲು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದುತ್ತಿದ್ದ ಗಯಾಸ ಕೈ ನಿಲ್ಲಿಸಿದ. "ಚಚ್ಚಾ, ಇಪ್ಪತ್ತು ವರ್ಷ ಆತು ನಾ ಈ ದುಕಾನ ತೆರದು. ಎದುರಿನವರ ಕಣ್ಣಿನ ಚೌಕಾಶಿ ಮಾಡಿದ ಗಿರಾಕಿ ನೀವೊಬ್ಬರೇ ನೋಡ್ರಿ. ಅವರ ಕಣ್ಣು ಅವರು ನೋಡ್ಕೋತಾರ, ನಿಮ್ಮ ಹಾದಿ ನೀವು ನೋಡ್ಕೋರಿ."

ಬಾಷುಮಿಯಾ ನಗಲಿಲ್ಲ. ಗಯಾಸನಿಗೆ ಅದೇ ವಿಚಿತ್ರ ಅನಿಸಿದ್ದು. ಒಂದು ಬನ್ನಿನ ಜೊತೆ ಒಂದು ನಗೆಮಾತು ಪುಕ್ಕಟೆ ಕೊಡುವ ಮನುಷ್ಯ ಈತ. ಐವತ್ತೈದು ದಾಟಿದರೂ ಜಾಹೀದನ ಬೇಕರಿಯಿಂದ ನಸುಕಿನಲ್ಲೇ ಪಾವು, ಖಾರಿ, ಬನ್ನು ತಗಡಿನ ಪೆಟ್ಟಿಗೆಗೆ ತುಂಬಿಕೊಂಡು ನಾಲ್ಕು ಹಳ್ಳಿಯ ಚಹಾದ ಹೋಟೆಲುಗಳಿಗೆ ಮುಟ್ಟಿಸುವವನು. ಹೋಟೆಲಿನವರು ಪಾವಿಗಿಂತ ಮೊದಲು ಈತನ ಮಾತಿಗೇ ಕಾಯುತ್ತಾರೆ ಅಂತ ಹೆಸರು. ಇತ್ತೀಚೆಗೆ ಒಂದೂವರೆ ತಿಂಗಳಿಂದ ಆ ಬಾಯಿಗೆ ಬೀಗ ಬಿದ್ದಿತ್ತು.

"ಇದನ್ನ ವಾಪಸ್ ತಗೋ. ಬ್ಯಾರೆದು ಕೊಡು," ಅನ್ನುತ್ತಾ ಬಾಷುಮಿಯಾ ಚೀಲದಿಂದ ಗೇಣುದ್ದದ ಕರೀ ಬ್ಯಾಟ್ರಿಯೊಂದನ್ನು ತೆಗೆದು ಗಲ್ಲಾದ ಮೇಲಿಟ್ಟ.

"ಅರೆ! ಮುನ್ನೂರಾ ಐವತ್ತು ಕೊಟ್ಟು ಒಯ್ದ ಬ್ಯಾಟ್ರಿ ಇದು. ಅವತ್ತ ಏನಂದ್ರಿ? 'ಗಯಾಸ, ಇದರ ಬೆಳಕಿನ್ಯಾಗ ನಾರಾಯಣಪುರದ ಡ್ಯಾಮ್ ಕಾಣಬೇಕಲೆ' ಅಂದ್ರಿ. ಈಗೇನು, ಡ್ಯಾಮ್ ಕಾಣಲಿಲ್ಲೇನು?"

"ಬೆಳಕು ಜಾಸ್ತಿ ಆತು."

"ಬೆಳಕು ಜಾಸ್ತಿ ಆತಂತ!" ಗಯಾಸ ಬೋಗುಣಿಯ ನೀರಿಗೇ ಹೇಳಿದವನಂತೆ ಹೇಳಿ ನಕ್ಕ. "ಊರಾಗ ಯಾರಾದರೂ ಪಗಾರ ಜಾಸ್ತಿ ಆತು ಅಂತಾರೇನು ಚಚ್ಚಾ?"

ಬಾಷುಮಿಯಾ ದುಕಾನಿನ ಮುಂದಿನ ಕಲ್ಲಿನ ಮೇಲೆ ಕುಳಿತ. ಅವನಿಗೆ ಲೈಟು ಬೇಕೇ ಬೇಕಿತ್ತು. ಒಂದೂವರೆ ತಿಂಗಳು ಲೈಟಿಲ್ಲದೆ ಹೊಡೆದ. ಕೆನಾಲಿನ ದಂಡೆಯ ಹಾದಿ ಬಂದಾಗ ಇಳಿದು, ಕತ್ತಲಲ್ಲಿ ಕಾಲಿನಿಂದ ನೆಲ ತಡವಿಕೊಂಡು ಸೈಕಲ್ ನೂಕಿದ. ತೊಗರಿ ಒಣಹಾಕಿದವರು ಹಾದಿಗೆ ಸಾಲಾಗಿ ಇಟ್ಟು ಮರೆತುಹೋದ ಕಲ್ಲಿಗೆ ಎಡವಿ ಒಂದು ಸಲ ಪೆಟ್ಟಿಗೆ ಸಮೇತ ಬಿದ್ದ. ಮೊಣಕಾಲು ಇನ್ನೂ ಮಾಯ್ದಿರಲಿಲ್ಲ. ಪಾವು ತಡವಾಗಿ, ಏಳಕ್ಕೆ, ಏಳೂವರೆಗೆ ಮುಟ್ಟತೊಡಗಿತು. ಮೊನ್ನೆ ಜಾಹೀದ ನೆಟ್ಟಗೆ ಹೇಳಿಬಿಟ್ಟ: "ಬಾಷುಭಾಯಿ, ಲೈಟ್ ಹಚ್ಕೊಂಡು ಹೊತ್ತಿಗೆ ಸರಿಯಾಗಿ ಹೋಗ್ತೀರೋ, ಇಲ್ಲಾ ಲೈನು ಬ್ಯಾರೆಯವರಿಗೆ ಕೊಡ್ಲೋ?" ಮನೆಯಲ್ಲಿ ಹೆಂಡತಿ ಚಮನಬೀಯೂ ಅದನ್ನೇ ಕೇಳಿದ್ದಳು. ಹೊಸಾ ಬ್ಯಾಟ್ರಿ ಟ್ರಂಕಿನಾಗ ಇಟ್ಟು ಕತ್ತಲದಾಗ ಯಾಕ ಬೀಳಾಕತ್ತೀರಿ ಅಂತ. ಅವಳಿಗೂ ಅವನು ಹೇಳಿರಲಿಲ್ಲ. ಯಾರಿಗೂ ಹೇಳಿರಲಿಲ್ಲ.

ಹೇಳದ ಆ ಮಾತು ಇದು.

ಕೆನಾಲಿನ ಹಾದಿಗೆ ಒಂದು ಪದ್ಧತಿ ಉಂಟು. ಅಲ್ಲಿ ಕಂಬವಿಲ್ಲ, ಕಟ್ಟೆಯಿಲ್ಲ; ಒಂದು ಮಗ್ಗುಲಿಗೆ ಹತ್ತಿಯ ಹೊಲ, ಇನ್ನೊಂದು ಮಗ್ಗುಲಿಗೆ ಎರಡಾಳು ನೀರು. ಎದುರಾಬದುರು ಎರಡು ಸೈಕಲ್ ಬಂದರೆ ಇಬ್ಬರೂ ತಂತಮ್ಮ ಲೈಟಿಗೆ ಅಂಗೈ ಮುಚ್ಚಬೇಕು. ಬೆರಳ ಸಂದಿಯಿಂದ ಕೆಂಪಗೆ ಒಂದಿಷ್ಟು ಬೆಳಕು ಸೋರುತ್ತದೆ. ಎದುರಿನವನು ಎಲ್ಲಿದ್ದಾನೆ ಅಂತ ಗೊತ್ತಾಗಲು ಅಷ್ಟು ಸಾಕು. ದಾಟಿದ ಮೇಲೆ ಕೈ ತೆಗೆಯುವುದು. ಯಾರು ಕಲಿಸಿದರೋ ಗೊತ್ತಿಲ್ಲ. ನಮಸ್ಕಾರವೂ ಅದೇ, ಸಲಾಮೂ ಅದೇ. ಕೈ ಮುಚ್ಚದೆ ಹೋದವನ ಹೆಸರು ನಾಲ್ಕು ದಿನ ಹೋಟೆಲಿನಲ್ಲಿ ಕೆಟ್ಟಿರುತ್ತಿತ್ತು.

ಆ ಹಾದಿಯಲ್ಲಿ ಬಾಷುಮಿಯಾನಿಗೆ ದಿನಾ ಎದುರಾಗುತ್ತಿದ್ದವನು ನಾಗಣ್ಣ. ಕೆನಾಲಿನ ಗೇಟು ಕಾಯುವ ಗುತ್ತಿಗೆ ಕೆಲಸ. ಹಗಲು ಪಾಳಿಗೆ ನಸುಕಿನಲ್ಲೇ ಊರಿಂದ ಶಹಾಪುರದ ಕಡೆಯ ಗೇಟಿಗೆ ಹೊರಡುತ್ತಿದ್ದ. ಕೊರಳಲ್ಲಿ ಲಿಂಗ, ಹಣೆಯಲ್ಲಿ ಹಿಂದಿನ ದಿನದ ವಿಭೂತಿ. ಎರಡು ಕೆಂಪು ಅಂಗೈ ಹತ್ತಿರ ಬಂದು ನಿಲ್ಲುತ್ತಿದ್ದವು. "ಏನಲೇ ಬಾಷು, ಇವತ್ತ ಖಾರಿ ಬಿಸಿ ಅದನೋ, ನಿನ್ನಿದೋ?" "ನಿನ್ನಂಗ ಹಳೇದು, ತಿನ್ನು." ಒಂದು ಖಾರಿ ಕೈ ಬದಲಾಗುತ್ತಿತ್ತು. ಹದಿನೆಂಟು ವರ್ಷ.

ಹೊಸ ಬ್ಯಾಟ್ರಿಯನ್ನು ಹಳೇ ಟ್ಯೂಬಿನ ತುಂಡಿನಿಂದ ಹ್ಯಾಂಡಲಿಗೆ ಬಿಗಿದು ಹೊರಟ ಮೊದಲನೆಯ ನಸುಕು ಅದು. ದೂರದಲ್ಲಿ ನಾಗಣ್ಣನ ಮಿಣಮಿಣ ಲೈಟು ಕಂಡಿತು. ಆಮೇಲೆ ಅದು ಕೆಂಪಗಾಯಿತು. ಅವನು ಅಂಗೈ ಮುಚ್ಚಿದ್ದ. ಬಾಷುಮಿಯಾ ಮುಚ್ಚಲಿಲ್ಲ. ಇವನಿಗೆ ತೋರಿಸಬೇಕು ಅನ್ನುವ ಹುಕಿ. ಬ್ಯಾಟ್ರಿಯ ಮೂತಿ ಎಳೆದು ಬೆಳಕನ್ನು ಒಂದೇ ಕಡೆ ಚೂಪು ಮಾಡಿ, ನೆಟ್ಟಗೆ ನಾಗಣ್ಣನ ಮುಖಕ್ಕೆ ಹಿಡಿದು ಕೂಗಿದ: "ನಾಗಣ್ಣಾ, ಇವತ್ತ ಸೂರ್ಯ ಶಹಾಪುರದ ಕಡಿಂದ ಹುಟ್ಯಾನ ನೋಡೋ!"

ನಾಗಣ್ಣ ಮೊಳಕೈ ಎತ್ತಿ ಕಣ್ಣಿಗೆ ಅಡ್ಡ ಹಿಡಿದ. "ಏ ಬಾಷ್ಯಾ, ಕೆಳಗ ಮಾಡೋ! ಹಾದಿ ಕಾಣವಲ್ದು!"

ಬಾಷುಮಿಯಾ ನಗುತ್ತಲೇ ದಾಟಿದ. ಅವತ್ತು ತುಸು ತಡವಾಗಿತ್ತು, ನಿಲ್ಲಲಿಲ್ಲ. ಹಾದಿ ತೆಗ್ಗು, ಹಿಂದೆ ತಗಡಿನ ಪೆಟ್ಟಿಗೆಯ ಖಡಖಡ ಸಪ್ಪಳ. ಬೇರೆ ಏನೂ ಕೇಳಿಸಲಿಲ್ಲ. ಹೊಳ್ಳಿ ನೋಡಲೂ ಇಲ್ಲ. ಮಧ್ಯಾಹ್ನ ಅದೇ ಹಾದಿಯಲ್ಲಿ ಖಾಲಿ ಪೆಟ್ಟಿಗೆ ತಗೊಂಡು ಬರುವಾಗ ದಂಡೆಯ ಮೇಲೆ ಜನ ನೆರೆದಿತ್ತು. ಕೆಳಗಿನ ಗೇಟಿನ ಸರಳಿಗೆ ಸಿಕ್ಕ ನಾಗಣ್ಣನ ಹೆಣವನ್ನು ಯಾದಗಿರಿಯ ದವಾಖಾನೆಗೆ ಒಯ್ದಿದ್ದಾರೆ ಅಂದರು.

ಗುತ್ತಿಗೆದಾರನ ಮೇಸ್ತ್ರಿ ಬಂದು ನೋಡಿದ. ದಂಡೆಯಲ್ಲಿ ಖಾಲಿ ಬಾಟ್ಲಿ ಬಿದ್ದಿತ್ತು. ಅಲ್ಲಿ ಯಾವತ್ತೂ ಬಿದ್ದಿರುತ್ತವೆ. "ಕುಡದು ಬಿದ್ದಾನ," ಅಂದ. ಮುಗಿಯಿತು. ಜೀವಮಾನದಲ್ಲಿ ಹನಿ ಮುಟ್ಟದ ನಾಗಣ್ಣ ಸತ್ತ ಮೇಲೆ ಕುಡುಕನಾದ. ಮೂರನೆಯ ದಿನ ಅವನ ಹೆಂಡತಿ ಬಸವೇಶ್ವರಿ ಬಾಷುಮಿಯಾನನ್ನು ಹಾದಿಯಲ್ಲಿ ನಿಲ್ಲಿಸಿ ಕೇಳಿದಳು: "ದಿನಾ ನಿಮಗ ಎದುರಾಗ್ತಿದ್ರಲ್ಲ ಅಣ್ಣಾರ. ಅವತ್ತ ಭೇಟಿ ಆಗಿದ್ರೇನು? ಕುಡದಿದ್ರೇನು ಅವರು?" ಬಾಷುಮಿಯಾ ನೆಲ ನೋಡುತ್ತ, "ಅವತ್ತ ನಾ ಡಾಂಬರ ರೋಡಿಗೆ ಹೋಗಿದ್ದೆವ್ವ," ಅಂದುಬಿಟ್ಟ.

"ಎಲ್ಲಿ ಕಳದು ಹೋದ್ರಿ ಚಚ್ಚಾ?" ಗಯಾಸ ಮೂರು ಲೈಟು ಸಾಲಾಗಿ ಇಟ್ಟಿದ್ದ. "ನೋಡ್ರಿ. ಇದು ಡೈನಮೊ. ಗಾಲಿ ತಿರುಗಿದರ ಬೆಳಕು, ನಿಂತರ ಕತ್ತಲ. ನಿಮ್ಮ ಪಾವಿನ ಪೆಟ್ಟಿಗೆ ಭಾರದಾಗ ಇದನ್ನೂ ತುಳೀಬೇಕು, ಮೊಣಕಾಲು ನಿಮ್ಮದು, ಬ್ಯಾಡ. ಇದು ಹಣಿಗೆ ಕಟ್ಗೊಳ್ಳೋದು, ರಾತ್ರಿ ಹೊಲಕ್ಕ ನೀರು ಹಾಯಸೋರು ಒಯ್ತಾರ. ನೀವು ಯಾರ ಕಡೆ ಮಾರಿ ತಿರುವಿದ್ರೂ ಅವರ ಕಣ್ಣಿಗೇ ಬೆಳಕು, ನಿಮ್ಮ ಹಿಸಾಬಿಗೆ ಬರಂಗಿಲ್ಲ. ಇದು ನೋಡ್ರಿ, ನೂರಾ ಎಂಬತ್ತು. ಮೊಬೈಲ್ ಚಾರ್ಜರಿಗೇ ಹಚ್ಚಬಹುದು, ಎರಡು ದಿನಕ್ಕೊಮ್ಮೆ. ಹ್ಯಾಂಡಲಿಗೆ ಗಟ್ಟಿ ಕುಂದ್ರತದ, ತೆಗ್ಗಿನ್ಯಾಗ ಜಿಗಿದು ಮ್ಯಾಲ ನೋಡಂಗಿಲ್ಲ."

"ಎದುರಿನವರಿಗೆ?"

ಗಯಾಸ ನಿಟ್ಟುಸಿರು ಬಿಟ್ಟ. ಗಿರಾಕಿಯ ಹಟಕ್ಕೆ ಸೋತ ಮೇಲೆ ಅವನ ಕೈಗೆ ಹುರುಪು ಬರುತ್ತಿತ್ತು. ಎಣ್ಣೆಡಬ್ಬಿಯ ತಗಡು ಕತ್ತರಿಸಿ, ಲೈಟಿನ ಮೇಲ್ಭಾಗಕ್ಕೆ ಟೊಪ್ಪಿಗೆಯಂತೆ ಬಾಗಿಸಿ ತಂತಿಯಿಂದ ಕಟ್ಟಿದ. ಎದುರಿನ ಮುಚ್ಚಿದ ದುಕಾನಿನ ಶಟರಿನ ಮೇಲೆ ಎದೆಮಟ್ಟಕ್ಕೆ ಸುಣ್ಣದ ಕಡ್ಡಿಯಿಂದ ಗೆರೆ ಎಳೆದ. ದುಕಾನಿನೊಳಗಿನ ಮಬ್ಬಿನಿಂದ ಹತ್ತು ಹೆಜ್ಜೆ ಅಳೆದು ಲೈಟು ಹಿಡಿದ. ಬೆಳಕು ಗೆರೆಯ ಕೆಳಗೇ ಹಾಸಿಕೊಂಡಿತು. ಗೆರೆಯ ಮೇಲೆ ಏನೂ ಇಲ್ಲ.

"ನೆಲಾನೂ ಕಾಣತದ, ಎದುರಿನವನ ಕಣ್ಣೂ ಉಳೀತದ. ತೃಪ್ತಿ ಆತೇನು? ಟೊಪ್ಪಿಗಿ ನನ್ನ ಕಡಿಂದ ಪುಕ್ಕಟೆ."

ಬಾಷುಮಿಯಾ ಆ ಗೆರೆಯನ್ನೇ ನೋಡುತ್ತ ನಿಂತಿದ್ದ. ಇಷ್ಟೇ ಆಗಿತ್ತಲ್ಲ, ಅನಿಸಿತು. ಒಂದು ಗೇಣು ತಗಡು. ಅದೂ ಬ್ಯಾಡ, ಒಂದು ಅಂಗೈ.

"ಗಯಾಸ ಅಣ್ಣಾ, ನಮ್ಮ ಸೈಕಲ್ ಆತೇನ್ರಿ?"

ಬಂದವಳು ಪರಿಮಳಾ, ನಾಗಣ್ಣನ ಮಗಳು. ಇಪ್ಪತ್ತೆರಡರ ಹುಡುಗಿ, ತಂದೆಯ ಹಳೇ ಶರ್ಟನ್ನು ಚೂಡಿದಾರದ ಮೇಲೆ ಹಾಕಿಕೊಂಡಿದ್ದಳು. ಬಾಷುಮಿಯಾನನ್ನು ಕಂಡು, "ಅರೆ, ಬಾಷು ಕಾಕಾ!" ಅಂದಳು. ಅವಳ ಮುಖ ಅರಳಿದ್ದು ಅವನಿಗೆ ನೋಡಲಾಗಲಿಲ್ಲ.

ಗಯಾಸ ಮೂಲೆಯಿಂದ ಸೈಕಲ್ ಹೊರಗೆ ತಂದ. ನಾಗಣ್ಣನದು. ಮುಂದಿನ ಗಾಲಿಯ ಸೊಟ್ಟ ತೆಗೆದಿದ್ದ. ನೀರು ಕುಡಿದು ತುಕ್ಕು ಹಿಡಿದಿದ್ದ ಚೈನು ಹೊಸದಾಗಿತ್ತು. "ಯಾರು ಹೊಡೀತಾರವ್ವ ಇದನ್ನ?"

"ನಾನೇ. ಇಲ್ಲಿ ಹುಡುಗೇರ ಹಾಸ್ಟೆಲಿನ ಅಡಗಿಗೆ ಹಚ್ಚಿಕೊಂಡಾರ. ಐದೂವರೆಗೆ ಒಲಿ ಮುಂದ ಇರಬೇಕು. ಆ ಹೊತ್ತಿಗೆ ಬಸ್ಸೆಲ್ಲಿ ಬರಬೇಕು? ನಾಳಿಂದ ಕೆನಾಲಿನ ಹಾದಿನೇ." ಬಾಷುಮಿಯಾನ ಕಡೆ ತಿರುಗಿದಳು. "ಇನ್ನ ಮ್ಯಾಲ ದಿನಾ ನಾನೇ ಎದುರಾಗ್ತೀನಿ ಕಾಕಾ. ಅಪ್ಪನ ಪಾಲಿನ ಖಾರಿ ನನಗ ಕೊಡಬೇಕು ನೋಡ್ರಿ ಮತ್ತ." ನಗಲು ನೋಡಿದಳು, ಆಗಲಿಲ್ಲ. "ಒಂದು ಲೈಟ್ ಬೇಕು ಅಣ್ಣಾ. ಭಾಳ ರೊಕ್ಕ ಇಲ್ಲ. ಬಾಷು ಕಾಕಾ ಏನೋ ದೊಡ್ಡ ಬ್ಯಾಟ್ರಿ ತಗೊಳ್ಳಾಕತ್ತಾನ, ಮುಂದಿನ ತಿಂಗಳು ನಾನೂ ಅಂಥದ್ದ ತಗೋತೀನಿ ಅಂತ ಅಪ್ಪ ಹೇಳಿದ್ದ. ಅಂಥದ್ದ ಕೊಡ್ರಿ."

ಗಯಾಸ ತೊಡೆ ತಟ್ಟಿದ. "ನೋಡು ನಸೀಬು! ಅಂಥದ್ದ ಯಾಕ, ಅದನ್ನೇ ತಗೋ. ಚಚ್ಚಾನಿಗೆ ಬೆಳಕು ಜಾಸ್ತಿ ಆಗ್ಯಾದಂತ, ಈಗ ವಾಪಸ್ ತಂದಾರ. ನೂರಾ ಐವತ್ತು ಕೊಡು, ಒಯ್ಯಿ."

ಪರಿಮಳಾ ಬ್ಯಾಟ್ರಿಯನ್ನು ಎತ್ತಿಕೊಂಡಳು. ಗುಂಡಿ ಒತ್ತಿದಳು. ಹಗಲಿದ್ದರೂ ಎದುರಿನ ಗೋಡೆಯ ಮೇಲೆ ಬೆಳ್ಳಗೆ ಒಂದು ಬಿಲ್ಲೆ ಬಿತ್ತು.

"ಬ್ಯಾಡ ಮಗಳ," ಅಂದ ಬಾಷುಮಿಯಾ.

"ಯಾಕ ಕಾಕಾ?"

"ಅದು... ಸೆಲ್ಲು ಕೆಟ್ಟಾವು ಅದರವು."

"ಎಲ್ಲಿ ಕೆಟ್ಟಾವು?" ಗಯಾಸ ಸಿಟ್ಟಾದ. "ನಾ ಮಾರಿದ ಮಾಲು. ನೋಡು, ಹೆಂಗ ಹೊಡೀತದ!"

"ಜಡ ಅದ. ಹ್ಯಾಂಡಲ್ ಎಳೀತದ."

"ಪಾವಿನ ಪೆಟ್ಟಿಗಿ ಹೊರೋರು ನೀವು, ಬ್ಯಾಟ್ರಿ ಜಡ ಅಂತೀರಿ!"

ಪರಿಮಳಾ ಇಬ್ಬರನ್ನೂ ನೋಡಿದಳು. ಮೆತ್ತಗೆ ಅಂದಳು: "ನಿಮ್ಮದು ನನಗ ಕೊಡಾಕ ಮನಸಿಲ್ಲಂದ್ರ ಇರ್ಲಿ ಬಿಡ್ರಿ ಕಾಕಾ. ಹೊಸಾದ ತಗೋತೀನಿ. ಗಯಾಸ ಅಣ್ಣಾ, ಇಂಥದ್ದ ಹೊಸಾದು ತೋರಸ್ರಿ."

ಗಯಾಸ ಮೇಲಿನ ಹಲಗೆಗೆ ಕೈ ಹಾಕಿದ. ನಾಳೆ ನಸುಕಿಗೆ ಈ ಹುಡುಗಿ ಅದೇ ಹಾದಿಗೆ, ನೀರಿನ ಮಗ್ಗುಲಿಗೆ, ಇದನ್ನು ಬಿಗಿದುಕೊಂಡು ಬರುತ್ತಾಳೆ. ಯಾರೋ ಒಬ್ಬ ಹಾಲಿನವನು ಎದುರಾಗುತ್ತಾನೆ. ಅವನ ಹೆಂಡತಿಯೂ ಮೂರನೆಯ ದಿನ ಯಾರನ್ನೋ ಹಾದಿಯಲ್ಲಿ ನಿಲ್ಲಿಸಿ ಕೇಳುತ್ತಾಳೆ.

"ನಿಮ್ಮಪ್ಪಗ ಇದರ ಬೆಳಕ ಬಡದಿತ್ತು," ಅಂದ ಬಾಷುಮಿಯಾ.

ಗಯಾಸನ ಕೈ ಹಲಗೆಯ ಮೇಲೇ ನಿಂತಿತು.

"ನಾ ಅವತ್ತ ಡಾಂಬರ ರೋಡಿಗೆ ಹೋಗಿರಲಿಲ್ಲ. ಸುಳ್ಳ ಹೇಳಿದೆ. ಕೆನಾಲಿನ ಹಾದಿಲೇ ಹೋಗಿದ್ದೆ. ಅಂವ ಅಂಗೈ ಮುಚ್ಚಿದ್ದ. ನಾ ಮುಚ್ಚಲಿಲ್ಲ. ಚ್ಯಾಷ್ಟಿಗೆ ಅಂವನ ಮಾರಿಗೇ ಹಿಡದೆ ಮಗಳ. ಕೆಳಗ ಮಾಡೋ, ಹಾದಿ ಕಾಣವಲ್ದು ಅಂದ. ನಾ ನಕ್ಕೊಂತ ಹೋದೆ. ಬಿದ್ದಿದ್ದು ಕೇಳಲಿಲ್ಲ. ಖುದಾನ ಆಣಿ, ಕೇಳಲಿಲ್ಲ. ಕೇಳಿದ್ದರ ನಿಲ್ತಿದ್ದೆ."

ಗಲ್ಲಿಯಲ್ಲಿ ಯಾರದೋ ಗಾಡಿ ಹಾರ್ನ್ ಹೊಡೆಯುತ್ತ ಹೋಯಿತು. ಪರಿಮಳಾಳ ಕೈಯಲ್ಲಿ ಬ್ಯಾಟ್ರಿ ಇನ್ನೂ ಹತ್ತಿಕೊಂಡೇ ಇತ್ತು. ಅವಳು ಅದರ ಮೂತಿಯನ್ನು ತನ್ನ ಕಡೆ ತಿರುಗಿಸಿಕೊಂಡು, ಕಣ್ಣು ಮುಚ್ಚದೆ, ನೆಟ್ಟಗೆ ನೋಡಿದಳು. ಕಣ್ಣಲ್ಲಿ ನೀರು ಬಂದಿತು, ಬೆಳಕಿಗೋ, ಮತ್ಯಾತಕ್ಕೋ. ಆಮೇಲೆ ಗುಂಡಿ ಒತ್ತಿ ಆರಿಸಿದಳು. ತುಸು ಹೊತ್ತು ಗಲ್ಲಾವನ್ನು ಕೈಯಿಂದ ತಡವಿ ಹಿಡಿದುಕೊಂಡು ನಿಂತಳು, ಕುರುಡರ ಹಾಗೆ.

"ವಾಸನಿ ಇತ್ತೇನು ಅಪ್ಪನ ಬಾಯಾಗ?"

"ಇರಲಿಲ್ಲ. ಅಂವ ಯಾವತ್ತ ಕುಡದಾನ ಮಗಳ?"

"ಒಂದೂವರಿ ತಿಂಗಳು," ಅಂದಳು. "ಒಂದೂವರಿ ತಿಂಗಳು ನಮ್ಮವ್ವ ನಳದ ಹತ್ರ ತಲಿ ಎತ್ತಿಲ್ಲ. ಸುರಪುರದಿಂದ ನಮ್ಮ ಸೋದರಮಾವ ಬಂದು, ಭಾವನ ಸಲುವಾಗಿ ನಮಗೂ ನಾಚಿಕಿ ಅಂದು ಹೋದ. ನೀವು ಗೊತ್ತಿದ್ದೂ ಪಾವು ಮಾರಿಕೊಂಡು ಅಡ್ಡಾಡಿದ್ರಿ."

ಅವಳು ಬ್ಯಾಟ್ರಿಯನ್ನು ಗಲ್ಲಾದ ಮೇಲೆ ವಾಪಸ್ ಇಟ್ಟಳು.

"ನಡೀರಿ. ಈಗ ನಮ್ಮ ಮನಿಗೆ ಬಂದು ನಮ್ಮವ್ವಗ ಹೇಳ್ರಿ."

ಗಯಾಸ ಬಾಷುಮಿಯಾನ ತೋಳು ಹಿಡಿದು ಪಕ್ಕಕ್ಕೆಳೆದು ಪಿಸುಗುಟ್ಟಿದ. "ಬ್ಯಾಡ ಚಚ್ಚಾ, ನಕ್ಕೋ. ನನ್ನ ದುಕಾನದಾಗ ಆದ ಮಾತು ಇಲ್ಲೇ ಇರ್ಲಿ. ಪೊಲೀಸರು, ಠಾಣೆ... ನಿಮ್ಮ ಮನಿಯಾಗ ಮಗಳು ಗುಡ್ಡಿ ಮದುವಿಗೆ ಬಂದಾಳ. ಚುಪ್ ರಹೋ."

"ಇಷ್ಟು ದಿನ ಅದನ್ನೇ ಮಾಡೀನಲ್ಲಪ್ಪ," ಅಂದ ಬಾಷುಮಿಯಾ. ತೋಳು ಬಿಡಿಸಿಕೊಂಡ.

ಪರಿಮಳಾ ತಂದೆಯ ಸೈಕಲ್ಲಿಗೆ ತಗಡಿನ ಟೊಪ್ಪಿಗೆಯ ಲೈಟನ್ನೇ ಹಾಕಿಸಿಕೊಂಡಳು. ಗಯಾಸ ಬಿಗಿದುಕೊಟ್ಟ. ಬಾಷುಮಿಯಾ ಲೈಟಿಲ್ಲದ ತನ್ನ ಸೈಕಲ್ ಹತ್ತಿದ.

ಇಬ್ಬರೂ ಕೆನಾಲಿನ ಹಾದಿ ಹಿಡಿದು ನಾಗಣ್ಣನ ಊರಿಗೆ ಹೊರಟರು. ಅವಳು ಅವನನ್ನು ಮುಂದೆ ಬಿಟ್ಟು ತಾನು ಹಿಂದೆ ಬಂದಳು, ಕೈದಿಯನ್ನು ಕರೆದೊಯ್ಯುವ ಹಾಗೆ. ನಾಗಣ್ಣ ಬಿದ್ದ ಜಾಗದಲ್ಲಿ ಬಾಷುಮಿಯಾ ಪೆಡಲು ನಿಲ್ಲಿಸಿದ. "ನಿಲ್ಲಬ್ಯಾಡ್ರಿ," ಅಂದಳು ಹಿಂದಿನಿಂದ. "ಅವತ್ತ ನಿಂದರಬೇಕಿತ್ತು."

ಬಸವೇಶ್ವರಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಬಾಷುಮಿಯಾ ಹೊಸ್ತಿಲ ಹೊರಗೇ ನಿಂತು ಹೇಳಿದ. ದುಕಾನಿನಲ್ಲಿ ಹೇಳಿದಷ್ಟನ್ನೇ, ಒಂದು ಶಬ್ದ ಮುಚ್ಚದೆ. ಅವಳು ಬಯ್ಯುತ್ತಾಳೆ, ಕಡಗೋಲೋ ಕಟ್ಟಿಗೆಯೋ ತಗೊಂಡು ಬರುತ್ತಾಳೆ ಅಂದುಕೊಂಡಿದ್ದ. ಬಂದರೆ ಒಳ್ಳೆಯದು ಅಂತಲೂ ಅಂದುಕೊಂಡಿದ್ದ. ಅವಳು ಏಳಲಿಲ್ಲ. ಹಂಚಿನ ಮೇಲಿನ ರೊಟ್ಟಿ ಕರಕಾಯಿತು.

"ಕುಡದಿರಲಿಲ್ಲ?"

"ಇಲ್ಲವ್ವ."

"ಬರೊಬ್ಬರಿ ನೋಡೀರಿ?"

"ನೋಡೀನಿ. ಸೈಕಲ್ ನೆಟ್ಟಗ ಹೊಂಟಿತ್ತು. ಮಾತೂ ನೆಟ್ಟಗ ಇತ್ತು. ನಾನೇ ಹಾದಿ ಕೆಡಿಸಿದೆ."

ಬಸವೇಶ್ವರಿ ಹಂಚು ಇಳಿಸಿದಳು. ಹಿಟ್ಟಿನ ಕೈ ತೊಳೆದಳು, ನಿಧಾನವಾಗಿ, ಬೆರಳು ಬೆರಳು. ಸೆರಗು ತಲೆಯ ಮೇಲೆ ಎಳೆದುಕೊಂಡು ಚಪ್ಪಲಿ ಮೆಟ್ಟಿದಳು.

"ಯವ್ವಾ, ಠಾಣೆಗೇನು? ಹೊತ್ತ ಮುಳಗ್ಯಾದ," ಅಂದಳು ಪರಿಮಳಾ.

"ಠಾಣೆ ನಾಳಿಗಿ. ಮೊದಲು ಓಣಿ. ನಡೀರಿ ಅಣ್ಣಾರ."

ಮೊದಲನೆಯ ಬಾಗಿಲು ಗೊಲ್ಲಾಳಮ್ಮನದು. ನಳದ ಹತ್ತಿರ ಎಲ್ಲರಿಗಿಂತ ಮೊದಲು ಮಾತು ತೆಗೆದವಳು ಅವಳೇ. ಬಸವೇಶ್ವರಿ ಬಾಗಿಲು ಬಡಿದು, ಬದಿಗೆ ಸರಿದು ನಿಂತು, "ಹೇಳ್ರಿ," ಅಂದಳು. ಬಾಷುಮಿಯಾ ಹೇಳಿದ. ಗೊಲ್ಲಾಳಮ್ಮ ಬಾಯಿಗೆ ಸೆರಗು ಹಿಡಿದು, "ಅಯ್ಯ ಶಿವನ, ನಾವೇನು ಬೇಕಂತ ಅಂದಿವೇನ ತಂಗಿ, ಮಂದಿ ಅಂದದ್ದ ಅಂದಿವಿ," ಅಂದಳು. ಬಸವೇಶ್ವರಿ ಆಗಲೇ ಮುಂದಿನ ಮನೆಗೆ ಹೊರಟಿದ್ದಳು.

ಎರಡನೆಯ ಮನೆ. ಮೂರನೆಯ ಮನೆ. ಪ್ರತಿ ಬಾಗಿಲಲ್ಲೂ ಮೊದಲಿನಿಂದ. ಒಬ್ಬ ಹುಡುಗ "ಏನ್ ಚ್ಯಾಷ್ಟಿ ಮಾಡಿದ್ರಿ ಕಾಕಾ?" ಅಂತ ಕೇಳಿದ, ಸೂರ್ಯನ ಮಾತನ್ನೂ ಹೇಳಬೇಕಾಯಿತು. ಹಿಂದೆ ಜನ ಕೂಡತೊಡಗಿದರು. ಇದೇ ಜನ ಮುಂಜಾನೆ ಅವನ ಪೆಟ್ಟಿಗೆಯ ಸುತ್ತ ನಿಂತು ನಗುತ್ತಿದ್ದವರು.

ಐದನೆಯದು ಭೀಮಾಶಂಕರನ ಹೋಟೆಲು. ದಿನಾ ಅರವತ್ತು ಪಾವು ತಗೊಳ್ಳುವವನು. ಅಲ್ಲಿ ಕುಳಿತವರು ಚಹಾದ ಗ್ಲಾಸು ಕೆಳಗಿಟ್ಟು ಕೇಳಿದರು. ಕೇಳಿ ಮುಗಿದ ಮೇಲೆ ಭೀಮಾಶಂಕರ ಒಲೆಯ ಕಡೆ ತಿರುಗಿ ನಿಂತು ಅಂದ: "ನಾಳಿಂದ ನನಗ ಪಾವು ಬ್ಯಾಡ. ಜಾಹೀದಗ ನಾನೇ ಹೇಳ್ತೀನಿ, ಬ್ಯಾರೆಯವರ ಕೈಲೆ ಕಳಸು ಅಂತ."

"ಹೌದ್ರಿ," ಅಂದ ಬಾಷುಮಿಯಾ.

ಗುಂಪಿನಲ್ಲಿ ಯಾರೋ, "ಸಾಕು ಬಿಡ್ರೆವ್ವ, ಎಲ್ಲಾರಿಗೂ ಗೊತ್ತಾತು," ಅಂದರು. ಪರಿಮಳಾಳೂ ತಾಯಿಯ ಮೊಳಕೈ ಹಿಡಿದಳು. ಬಸವೇಶ್ವರಿ ಬಿಡಿಸಿಕೊಂಡಳು. ಅವಳ ಕಣ್ಣಲ್ಲಿ ಇನ್ನೂ ನೀರು ಬಂದಿರಲಿಲ್ಲ.

"ಇನ್ನ ಆ ಕಡೆ ಸಾಲು ಪೂರಾ ಅದ," ಅಂದಳು.

ಆ ಸಾಲಿನ ಮೊದಲ ಮನೆಯಲ್ಲಿ ಒಬ್ಬ ಮುದುಕ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕುಳಿತಿದ್ದ. ಬಾಷುಮಿಯಾ ಶುರು ಮಾಡಿದ್ದು ಅವನಿಗೇ ಕೇಳಿಸಲಿಲ್ಲ.

"ಜೋರಾಗಿ ಹೇಳ್ರಿ," ಅಂದಳು ಬಸವೇಶ್ವರಿ. "ಆ ಅಜ್ಜಗ ಕಿವಿ ಮಂದ."

ಬಾಷುಮಿಯಾ ಉಸಿರು ಎಳೆದುಕೊಂಡ. "ಅಜ್ಜಾ, ನಾಗಣ್ಣ ಕುಡದಿರಲಿಲ್ಲ," ಅಂತ ಓಣಿಯ ಆ ತುದಿಗೂ ಮುಟ್ಟುವ ಹಾಗೆ ಮೊದಲಿನಿಂದ ಹೇಳತೊಡಗಿದ.